ಬಸ್ಸಿನಲ್ಲೇ ಮುಗಿದ ಮೊದಲ ಸೆಮಿನಾರ್

"ಬಾಯೊಳಗ ಏನು ವಟಗುಟ್ಟಾಕತ್ತಿ ಬೇ? ಜೋರಾಗಿ ಹೇಳು, ನಾವೂ ಕೇಳ್ತೀವಿ!"

ರಾಯಚೂರಿನಿಂದ ಹೊರಟ ಬಸ್ಸಿನಲ್ಲಿ, ಹಿಂದಿನ ಸೀಟಿನ ಅಜ್ಜಿಯ ಮಾತಿಗೆ ನನ್ನ ಪಕ್ಕದಲ್ಲಿ ಹಾಳೆ ಹಿಡಿದು ಕುಳಿತಿದ್ದ ಹುಡುಗಿ ಬೆವರಿಬಿಟ್ಟಳು. ದೇವದುರ್ಗದವಳು, ಎಂ.ಎಸ್ಸಿ. ವಿದ್ಯಾರ್ಥಿನಿ. ಅಂದು ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಅವಳ ಮೊದಲ ಸೆಮಿನಾರ್. ವಿಷಯ, ಹತ್ತಿಯ ಗುಲಾಬಿ ಕಾಯಿಕೊರಕ ಹುಳು. ಹತ್ತಿ ಬೆಳೆಯುವವರೇ ತುಂಬಿದ್ದ ಬಸ್ಸು ಸುಮ್ಮನಿರುತ್ತದೆಯೇ? ಅವಳು ಎರಡು ಸಾಲು ಓದುವಷ್ಟರಲ್ಲೇ ಯಾಪಲದಿನ್ನಿಯ ರೈತರೊಬ್ಬರು ಎದ್ದು ನಿಂತರು.

"ಕಾಯಿ ಹೊರಗ ಛಲೋ ಕಾಣತದ. ಒಳಗ ಹುಳ ಹೆಂಗ ಹೋಗತದವ್ವಾ?"

ಅವಳು ಹಾಳೆಗಳಲ್ಲಿ ತಡಕಾಡಿದಳು. ಕೊನೆಗೆ ಅವನ್ನು ಸೀಟಿನ ಮೇಲಿಟ್ಟು ತಾನೂ ಎದ್ದು ನಿಂತಳು!

"ಎಳೇ ಕಾಯಿದ್ದಾಗ್ಲೇ ಕೊರದು ಹೋಗಿರತದರೀ ಕಾಕಾ. ಕಾಯಿ ಬಲಿತಂಗ ತೂತು ಮುಚ್ಚಿಬಿಡತದ!"

ಆಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ. ಎಲ್ಲಕ್ಕೂ ಅವಳು ನಿಂತೇ ಉತ್ತರಿಸಿದಳು. ಕಂಡಕ್ಟರ್ ಟಿಕೆಟ್ ಕೊಡುವುದನ್ನೇ ಮರೆತು ಕೇಳುತ್ತಿದ್ದರು.

ಕ್ಯಾಂಪಸ್ ಬಂದಾಗ ಜಿಗಿದು ಇಳಿದಳು. ಹಾಳೆಗಳು ಸೀಟಿನಲ್ಲೇ ಉಳಿದಿದ್ದವು. ಕಿಟಕಿಯಿಂದ ಅವನ್ನು ಚಾಚಿ ಕೂಗಿದೆ. "ಇರಲಿ ಬಿಡ್ರೀ ಅಕ್ಕಾ!" ಎಂದು ನಗುತ್ತಾ ಓಡಿದಳು.

ನಾಳೆ ನನ್ನ ಮಗಳಿಗೆ ಶಾಲೆಯಲ್ಲಿ ಭಾಷಣವಿದೆ. ಕನ್ನಡಿಯ ಮುಂದೆ ನಿಲ್ಲಿಸುವುದು ಬಿಟ್ಟು, ಇವತ್ತೇ ಅವಳನ್ನು ಬಸ್ಸು ಹತ್ತಿಸುತ್ತಿದ್ದೇನೆ.