ಧೂಳಿಲ್ಲದ ಕಲ್ಲುಗಣಿ

ನನ್ನ ಅಕ್ಕ ಮೂವತ್ತೊಂದು ವರ್ಷ ಸಿನಿಮಾ ರೀಲುಗಳ ಅಂಚು ಸವರಿದಳು. ಚಿತ್ರಮಂದಿರಗಳಿಗೆ ಸಿನಿಮಾ ಹಂಚುವ ಡಿಪೋದಲ್ಲಿ ಅವಳ ಕೆಲಸ ಅದೇ. ಊರೂರು ಓಡಿ ವಾಪಸು ಬಂದ ರೀಲನ್ನು ಮೇಜಿನ ಮೇಲೆ ಒಂದು ಚಕ್ರದಿಂದ ಇನ್ನೊಂದು ಚಕ್ರಕ್ಕೆ ಬಲಗೈಯಿಂದ ಸುತ್ತಬೇಕು. ಸುತ್ತುವಾಗ ಫಿಲ್ಮಿನ ಅಂಚು ಎಡಗೈಯ ಎರಡು ಬೆರಳುಗಳ ನಡುವೆ ಹಾದುಹೋಗಬೇಕು. ಅಂಚಿನುದ್ದಕ್ಕೂ ಇರುವ ತೂತು ಹರಿದಿದ್ದರೆ ಬೆರಳಿಗೆ ಚುಚ್ಚುತ್ತದೆ. ಆಗ ನಿಲ್ಲಿಸಿ, ಕತ್ತರಿಸಿ, ಅಂಟಿಸಿ ಮುಂದೆ ಹೋಗಬೇಕು. ಕೊನೆಗೆ ರೀಲು ಹೇಗಿದೆ ಎಂದು ಒಂದು ಚೀಟಿ ಬರೆದು ಡಬ್ಬಿಯೊಳಗೆ ಇಡಬೇಕು. ಡಿಪೋದವರು ಅವಳನ್ನು ಬೆರಳಕ್ಕ ಎಂದೇ ಕರೆಯುತ್ತಿದ್ದರು.

ಇಷ್ಟು ಸಿನಿಮಾ ಮುಟ್ಟಿದವಳು ಚಿತ್ರಮಂದಿರಕ್ಕೆ ಹೋದದ್ದು ಎರಡೋ ಮೂರೋ ಸಲ. "ಅಲ್ಲಿ ಕೂತ್ರೆ ಕೈ ಸುಮ್ನಿರಲ್ಲ ಕಣೋ. ಕುರ್ಚಿ ಅಂಚು ಸವರ್ತಾ ಇರುತ್ತೆ. ಪಕ್ಕದವರು ಎದ್ದು ಬೇರೆ ಕಡೆ ಹೋಗ್ತಾರೆ" ಎನ್ನುತ್ತಿದ್ದಳು.

ನಾವು ಒಂದೇ ಮನೆಯಲ್ಲಿದ್ದೇವೆ. ಕೆಳಗೆ ನಾನು, ನನ್ನ ಹೆಂಡತಿ, ರಸ್ತೆಗೆ ಮುಖ ಮಾಡಿ ನನ್ನ ಮೋಟಾರು ವೈಂಡಿಂಗ್ ಅಂಗಡಿ. ಮೇಲಿನ ಕೋಣೆಯಲ್ಲಿ ಅಕ್ಕ. ಅವಳು ಮದುವೆಯಾಗಲಿಲ್ಲ. ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಅಂದು ಬಾಯಿ ಮುಚ್ಚಿಸುತ್ತಾಳೆ.

ಡಿಪೋ ಮುಚ್ಚಿದ ದಿನ ಅವಳ ಸಾಮಾನು ತರಲು ನಾನೇ ಗಾಡಿ ತೆಗೆದುಕೊಂಡು ಹೋಗಿದ್ದೆ. ಅಂಗಳದಲ್ಲಿ ಇಬ್ಬರು ಕೊಡಲಿ ಹಿಡಿದು ರೀಲುಗಳನ್ನು ಕಡಿಯುತ್ತಿದ್ದರು. ಮತ್ತೆ ಯಾರೂ ಓಡಿಸಬಾರದಂತೆ, ಅದಕ್ಕೆ ಕಡಿದೇ ಗುಜರಿಗೆ ಹಾಕಬೇಕಂತೆ. ಕಡಿದ ಫಿಲ್ಮು ಕರುಳಿನ ಹಾಗೆ ಹೊರಗೆ ಸುರಿದು ಬಿದ್ದಿತ್ತು. ಅದರ ಮೇಲೇ ಚಪ್ಪಲಿ ಕಾಲಿಟ್ಟು ಓಡಾಡುತ್ತಿದ್ದರು. ಕುಂಟ ಅಂಚೆಯವನ ಚಿತ್ರ, ರೈಲಿನಲ್ಲಿ ಸಿಕ್ಕ ಇಬ್ಬರು ಹೆಂಗಸರ ಚಿತ್ರ, ಮಾತೇ ಆಡದ ಗಡಿಯಾರ ರಿಪೇರಿಯವನ ಚಿತ್ರ: ಅಕ್ಕ ತುಂಡು ನೋಡಿಯೇ ಇದು ಇಂಥದ್ದು ಎಂದು ಹೇಳುತ್ತಾ ನಿಂತಿದ್ದಳು. ಈಗ ಮನೆಮನೆಯಲ್ಲೂ ಗೋಡೆಯಗಲದ ಟಿವಿ ಇದೆ. ಅದರಲ್ಲಿ ಕೂದಲೆಳೆಯೂ ಕಾಣುವಂತೆ ನೋಡಬೇಕಾದ ಚಿತ್ರಗಳನ್ನು ಆವತ್ತು ಸೌದೆಯ ಹಾಗೆ ಸೀಳಿದರು.

ಡಿಪೋ ಯಜಮಾನ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಬಂದು, "ಯಾರಮ್ಮ ನೋಡ್ತಾರೆ ಇದನ್ನೆಲ್ಲ? ಬೇಕಾದ್ರೆ ನೀನೊಂದು ತಗೊಂಡ್ಹೋಗು" ಎಂದ, ನಾಯಿಮರಿ ಕೊಡುವವನ ಹಾಗೆ.

ಅಕ್ಕ ಯೋಚಿಸಲೇ ಇಲ್ಲ. ಒಳಗೆ ಹೋಗಿ ಒಂದು ಕಪ್ಪು ಬಿಳುಪು ಚಿತ್ರದ ಹದಿನಾಲ್ಕು ಡಬ್ಬಿ ತಂದು ಗಾಡಿಯಲ್ಲಿಟ್ಟಳು.

ಅದು ಕಲ್ಲುಗಣಿಯ ಚಿತ್ರ. ಕಲ್ಲು ಒಡೆಯುವವನೊಬ್ಬ, ಅವನ ಹೆಂಡತಿ. ಇಡೀ ಸಿನಿಮಾದಲ್ಲಿ ಧೂಳು. ಸಿಡಿಮದ್ದು ಹಾರಿದಾಗ ಧೂಳು, ಬಿಸಿಲಿನಲ್ಲಿ ಧೂಳು, ಅವಳು ಅವನ ಅಂಗಿ ಕೊಡವಿದರೆ ಧೂಳು. ಅವನ ಮುಖದ ಮೇಲೆ ಸದಾ ಬಿಳಿ ಪುಡಿ ಮೆತ್ತಿಕೊಂಡಿರುತ್ತದೆ, ಮುಖ ಹೇಗಿದೆ ಎಂದೇ ನಮಗೆ ಗೊತ್ತಾಗುವುದಿಲ್ಲ. ಕೆಮ್ಮಿ ಕೆಮ್ಮಿ ಸಾಯುತ್ತಾನೆ. ಕೊನೆಯ ರೀಲಿನ ಆರಂಭದಲ್ಲಿ ಹೆಂಡತಿ ಒದ್ದೆ ಬಟ್ಟೆಯಿಂದ ಹೆಣದ ಮುಖ ಒರೆಸುತ್ತಾಳೆ. ಆಗ ಮೊದಲ ಸಲ ಅವನ ಮುಖ ಕಾಣುತ್ತದೆ. ಇನ್ನೂ ಹುಡುಗನ ಮುಖ. ಎರಡು ನಿಮಿಷ, ಮಾತಿಲ್ಲ. ಆ ಎರಡು ನಿಮಿಷಕ್ಕಾಗಿಯೇ ಆ ಸಿನಿಮಾ ಮಾಡಿದ್ದು ಎಂದು ಅಕ್ಕ ಹೇಳುತ್ತಾಳೆ. ನನಗೂ ಹಾಗೇ ಅನ್ನಿಸಿದೆ.

ಹನ್ನೆರಡು ವರ್ಷ ಆ ಡಬ್ಬಿಗಳು ಅವಳ ಮಂಚದ ಕೆಳಗಿದ್ದವು. ಎರಡು ತಿಂಗಳಿಗೊಮ್ಮೆ ಎಲ್ಲವನ್ನೂ ಬಿಚ್ಚಿ, ಗಾಳಿಯಾಡಿಸಿ, ಮತ್ತೆ ಸುತ್ತಿಡುತ್ತಿದ್ದಳು. ಆಮೇಲೆ ಒಂದು ದಿನ ಮನೆಯಲ್ಲಿ ಹುಳಿ ನಾತ ಶುರುವಾಯಿತು.

"ನಿಮ್ಮಕ್ಕನ ಕೋಣೇಲಿ ಏನೋ ಕೊಳೀತಿದೆ" ಎಂದಳು ನನ್ನ ಹೆಂಡತಿ, ಸೆರಗನ್ನು ಮೂಗಿಗೆ ಹಿಡಿದು.

ಫಿಲ್ಮಿಗೆ ಈ ರೋಗ ಹತ್ತಿದರೆ ಬಿಡುವುದಿಲ್ಲವಂತೆ. ಮೊದಲು ಹುಳಿ ವಾಸನೆ, ಆಮೇಲೆ ಕುಗ್ಗುವುದು, ಸುಕ್ಕುಗಟ್ಟುವುದು, ಕೊನೆಗೆ ಅಂಟಿಕೊಂಡು ಹಲಗೆಯಾಗುವುದು. ಮೂಲ ನೆಗೆಟಿವ್ ಎಂದೋ ಹೋಗಿತ್ತು. ಹಾಗಾಗಿ ಫಿಲ್ಮಿನ ಮೇಲೆ ಅಕ್ಕನ ಡಬ್ಬಿಗಳಲ್ಲಿ ಇದ್ದಷ್ಟೇ ಆ ಚಿತ್ರ. ಅದನ್ನು ಬೇಗ ಯಾರಾದರೂ ಯಂತ್ರಕ್ಕೆ ಹಾಕಿ ಕಂಪ್ಯೂಟರಿಗೆ ಇಳಿಸಿ ಉಳಿಸಿಕೊಳ್ಳಬೇಕಿತ್ತು.

ಅಷ್ಟರಲ್ಲಿ ಆ ಚಿತ್ರದ ಹಕ್ಕು ಕೊಂಡ ಕಂಪನಿಯವರೇ ಡಿಪೋ ಯಜಮಾನನನ್ನು ಕೇಳಿ ನಮ್ಮ ಮನೆ ಹುಡುಕಿಕೊಂಡು ಬಂದರು. ಫೋರ್ ಕೆ ಸ್ಪಷ್ಟತೆಯ ಡಿಸ್ಕ್ ಮಾಡುತ್ತಾರಂತೆ. ಬಂದವನ ಕೆನ್ನೆ, ಷೂ, ಮಾತು ಎಲ್ಲವೂ ನುಣ್ಣಗಿದ್ದವು. ನಾನು ಅವನಿಗೆ ನುಣ್ಣನೆ ಸಾಹೇಬ ಎಂದು ಹೆಸರಿಟ್ಟೆ. ಅಕ್ಕ ಹದಿಮೂರು ಡಬ್ಬಿ ಕೊಟ್ಟಳು.

"ಇನ್ನೊಂದು?"

"ನಿಮ್ಮ ಕೆಲಸ ನೋಡಿ ಕೊಡ್ತೀನಿ."

ಡಿಪೋದ ಹಳೇ ಪಾಠ ಅದು. ನಂಬಿಕೆಯಿಲ್ಲದ ಚಿತ್ರಮಂದಿರಕ್ಕೆ ಕೊನೆ ರೀಲು ಕೊಡದೆ ಕೈಯಲ್ಲಿಟ್ಟುಕೊಳ್ಳುತ್ತಿದ್ದರು. ಸಾಹೇಬ ನಕ್ಕು ಹೋದ.

ಎರಡು ತಿಂಗಳ ಮೇಲೆ ಹದಿಮೂರು ರೀಲಿನ ಮಾದರಿ ಡಿಸ್ಕ್ ಬಂತು. ಭಾನುವಾರ ಬೆಳಗ್ಗೆ ಕೆಳಗಿನ ಕೋಣೆಯಲ್ಲಿ ಹಾಕಿ ಕೂತೆವು. ಕಾಲು ಗಂಟೆಯಲ್ಲಿ ಅಕ್ಕ ಎದ್ದು ಟಿವಿಯ ಹತ್ತಿರ ಹೋಗಿ ನಿಂತಳು.

"ಧೂಳೆಲ್ಲೋ?"

ಇರಲಿಲ್ಲ. ಸಿಡಿಮದ್ದು ಹಾರಿತು, ಸದ್ದು ಬಂತು, ಗಾಳಿ ಕನ್ನಡಿಯ ಹಾಗೆ ಶುಭ್ರ. ಹೆಂಡತಿ ಅಂಗಿ ಕೊಡವಿದಳು, ಒಗೆದ ಅಂಗಿಯನ್ನು ಕೊಡವುವ ಹುಚ್ಚಿಯ ಹಾಗೆ ಕಂಡಳು. ಕಲ್ಲು ಒಡೆಯುವವನ ಮುಖ ಬೇಯಿಸಿ ಸಿಪ್ಪೆ ಸುಲಿದ ಮೊಟ್ಟೆ. ಅವನು ಕೆಮ್ಮಿದ. ಯಾಕೆ ಕೆಮ್ಮುತ್ತಾನೆ?

"ನೆಗಡಿ ಇರ್ಬೇಕು" ಎಂದಳು ನನ್ನ ಹೆಂಡತಿ.

ಥೂ. ನೆಗಡಿ ಬಂತೆಂದು ಮೂಗು ಕೊಯ್ದರು ಎಂದು ಗಾದೆ ಕೇಳಿದ್ದೆ, ಆವತ್ತು ಕಣ್ಣಾರೆ ಕಂಡೆ. ಹಳೇ ಫಿಲ್ಮಿನ ಮೇಲೆ ಕೂತ ಕಸ ತೆಗೆಯಲು ಅವರ ಬಳಿ ಒಂದು ಯಂತ್ರವಿದೆ. ಫಿಲ್ಮಿನ ಒಂದು ಚೌಕದಲ್ಲಿದ್ದು ಮುಂದಿನ ಚೌಕದಲ್ಲಿ ಇಲ್ಲದ ಚುಕ್ಕೆಯೆಲ್ಲ ಅದಕ್ಕೆ ಕಸ. ಹಾರುವ ಧೂಳಿನ ಕಣವೂ ಹಾಗೇ ತಾನೇ? ಗಣಿಯ ಧೂಳನ್ನು ಗುಡಿಸಿ ಎಸೆದಿತ್ತು. ಮುಖದ ಮೇಲಿನ ಪುಡಿಯನ್ನೂ ನುಣುಪು ಮಾಡಿ ಒರೆಸಿತ್ತು. ಶುರುವಿನಿಂದಲೇ ಮುಖ ತೊಳೆದುಕೊಂಡಿರುವ ಗಂಡನ ಮುಖವನ್ನು ಕೊನೆಯಲ್ಲಿ ಆ ಹೆಂಗಸು ಏನೆಂದು ಒರೆಸಬೇಕು? ನೋಡುವವರ ಕಣ್ಣಿಗೆ ಮಣ್ಣೆರಚಲು ಸಿನಿಮಾದ ಮಣ್ಣನ್ನೇ ತೆಗೆದಿದ್ದರು.

ಮರುದಿನ ಅಂಗಡಿ ಮುಚ್ಚಿ ಅಕ್ಕನನ್ನು ಕರೆದುಕೊಂಡು ಕಂಪನಿಗೆ ಹೋದೆ. ಗಾಜಿನ ಬಾಗಿಲು, ತಣ್ಣನೆ ಗಾಳಿ, ಗೋಡೆ ತುಂಬ ಹಳೇ ಚಿತ್ರಗಳ ಪೋಸ್ಟರು. ಅವುಗಳಿಗೂ ಪಾಲಿಶು.

"ಐದನೇ ಡಬ್ಬೀಲಿ ಚೀಟಿ ಇಟ್ಟಿದ್ದೆ, ಓದಿದ್ರಾ?" ಅಕ್ಕ ಕೇಳಿದಳು.

"ಯಾವ ಚೀಟಿ?"

"ಧೂಳು ಚಿತ್ರದ್ದೇ, ಒರೆಸಬೇಡಿ ಅಂತ."

ಸಾಹೇಬ ನಕ್ಕ. "ಅಮ್ಮಾ, ಈಗಿನ ಕಾಲದಲ್ಲಿ ಚೀಟಿ ಯಾರು ಓದ್ತಾರೆ? ಜನಕ್ಕೆ ಕ್ಲೀನಾಗಿರಬೇಕು. ಕೊಟ್ಟ ದುಡ್ಡಿಗೆ ಪಳಪಳ ಅನ್ಬೇಕು."

"ಹಾಗಾದ್ರೆ ನಿಮ್ಮ ಷೂ ವಿಡಿಯೋ ತೆಗೆದು ಮಾರ್ರೀ" ಎಂದೆ ನಾನು. ಕೈ ಮೇಜಿನ ಮೇಲೆ ಜೋರಾಗಿಯೇ ಬಿತ್ತು. ಕಾವಲಿನವನು ಒಳಗೆ ಬಂದ.

"ಸುಮ್ನಿರೋ" ಅಂದು ಅಕ್ಕ ನನ್ನ ತೋಳು ಹಿಡಿದು ಸಾಹೇಬನ ಕಡೆ ತಿರುಗಿದಳು. "ಧೂಳು ವಾಪಸು ಹಾಕಿ. ಹಾಕಿದ ದಿನ ಕೊನೆ ರೀಲು ತಂದ್ಕೊಡ್ತೀನಿ."

"ಕೊಡದಿದ್ರೆ ಟಿವಿಯವರ ಹಳೇ ಟೇಪಿದೆ. ಅದನ್ನೇ ಅಂಟಿಸ್ತೀವಿ."

"ಅಂಟಿಸಿ."

ಬಸ್ಸಿನಲ್ಲಿ ಅವಳು ಮುಂದಿನ ಸೀಟಿನ ಅಂಚನ್ನು ಸವರುತ್ತಲೇ ಇದ್ದಳು.

ಅದಾದ ಮೇಲೆ ಕಂಪನಿಯಿಂದ ಸದ್ದಿಲ್ಲ. ನಾನು ಫೋನು ಮಾಡಿದರೆ ಎತ್ತುವುದಿಲ್ಲ. ಒಂದು ವಾರ, ಎರಡು ವಾರ, ಐದು ವಾರ. ಮೇಲಿನ ಕೋಣೆಯಲ್ಲಿ ಉಳಿದ ಒಂದೇ ಡಬ್ಬಿಯ ನಾತ ಮೆಟ್ಟಿಲಿಳಿದು ಅಡುಗೆಮನೆಗೆ ಬಂತು. ತಟ್ಟೆಯ ಮುಂದೆ ಕೂತರೆ ಹುಳಿ, ಬಟ್ಟೆ ತೊಟ್ಟರೆ ಹುಳಿ. ಅಕ್ಕ ದಿನಾ ಡಬ್ಬಿ ತೆಗೆದು ಹೊರಸುತ್ತನ್ನು ಮುಟ್ಟಿ ನೋಡಿ ಮುಚ್ಚುತ್ತಿದ್ದಳು. ಒಳಸುತ್ತಿನವರೆಗೆ ಬಿಚ್ಚಲು ಅವಳಿಗೆ ಧೈರ್ಯ ಬರುತ್ತಿರಲಿಲ್ಲ. ಬಿಚ್ಚಿದರೆ ಮುರಿದೀತು. ಕೊನೆ ಹೊರಗೆ ಬರುವಂತೆ ಸುತ್ತಿದ್ದರಿಂದ ರೀಲಿನ ಆರಂಭ, ಆ ಎರಡು ನಿಮಿಷ, ಇದ್ದದ್ದು ಒಳಗೇ.

"ಕೊಟ್ಬಿಡಿ ಅಕ್ಕಾ" ಎಂದಳು ನನ್ನ ಹೆಂಡತಿ. ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ. "ಧೂಳಿಲ್ದೇ ಇದ್ರೂ ಕೊನೆಯಾದ್ರೂ ಚೆನ್ನಾಗಿರುತ್ತಲ್ಲ?"

"ಕೊಟ್ರೆ ಹದಿಮೂರೂ ಹೋಯ್ತು. ಆಮೇಲೆ ಅವರಿಗೆ ನಾನ್ಯಾರು?"

"ಕೊಡದಿದ್ರೆ ಇದು ಹೋಗುತ್ತೆ."

"ಗೊತ್ತು ಕಣೇ."

ನಾನು ಅಕ್ಕನ ಪರ. ಕೊಡಬೇಡ, ಆ ನಾಲಾಯಕರಿಗೆ ಬಗ್ಗಬೇಡ ಎಂದು ದಿನಾ ಉರಿ ಊದಿದೆ. ಊದುವವನಿಗೇನು, ಸುಡುತ್ತಿದ್ದದ್ದು ಅವಳ ಕೈ.

ಏಳನೇ ವಾರ ಫೋನು ಬಂತು. ಸಾಹೇಬನಲ್ಲ, ಅವನ ಕಂಪನಿಯಲ್ಲಿ ಯಂತ್ರದ ಮುಂದೆ ಕೂರುವ ಒಬ್ಬ ಕನ್ನಡಕದವನು. ಹೊರದೇಶದಿಂದ ಡಿಸ್ಕ್ ಕೊಳ್ಳುವವರು ಟೇಪಿನ ತೇಪೆ ಬೇಡವೇ ಬೇಡ ಎಂದರಂತೆ. ಸಾಹೇಬ ಈಗ ಮೆತ್ತಗಾಗಿದ್ದಾನಂತೆ.

"ಒರೆಸೋ ಮುಂಚಿನದು ಎಲ್ಲ ಹಾಗೇ ಇದೆಯಮ್ಮ. ಆದ್ರೆ ಅದರಲ್ಲಿ ಗಣಿ ಧೂಳು ಯಾವುದು, ಡಿಪೋ ಕಸ ಯಾವುದು ನನಗೆ ತಿಳಿಯಲ್ಲ. ನೀವು ಬಂದು ಪಕ್ಕದಲ್ಲಿ ಕೂರ್ತೀರಾ?"

ಅಕ್ಕ ಹನ್ನೊಂದು ದಿನ ಹೋಗಿ ಕೂತಳು. ಒಂದು ದಿನ ನಾನೂ ಹೋಗಿ ನೋಡಿದೆ. ದೊಡ್ಡ ಪರದೆಯ ಮೇಲೆ ಫಿಲ್ಮಿನ ಚೌಕ ಒಂದೊಂದೇ ಸರಿಯುತ್ತಿತ್ತು.

"ಇದು?"

"ಧೂಳು. ಬಿಡು."

"ಇದು?"

"ಥಿಯೇಟರ್ ಆಪರೇಟರ್ ಬೀಡಿ ಬೂದಿ. ತೆಗಿ."

"ಇದು ಕೂದಲಾ?"

"ನಂದೇ ಇರ್ಬೇಕು. ತೆಗಿಯಪ್ಪಾ, ಮಾನ ಹೋಗುತ್ತೆ."

ಕನ್ನಡಕದವನು ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಆ ಕಟ್ಟಡದಲ್ಲಿ ನಾನು ಕಂಡ ಮನುಷ್ಯ ಅವನೊಬ್ಬನೇ.

ಧೂಳು ಮರಳಿತು. ಅಂಗಿ ಕೊಡವಿದರೆ ಮೋಡ ಎದ್ದಿತು. ಹನ್ನೆರಡನೇ ದಿನ ಅಕ್ಕ ಮಾತಿನಂತೆ ಕೊನೆಯ ಡಬ್ಬಿ ಒಯ್ದಳು.

ಕನ್ನಡಕದವನು ಬಿಚ್ಚುತ್ತಾ ಹೋದ. ಮುಕ್ಕಾಲು ಭಾಗ ಹೇಗೋ ಯಂತ್ರ ಹಿಡಿಯಿತು. ಒಳಸುತ್ತಿಗೆ ಬಂದಾಗ ಫಿಲ್ಮು ಸುಕ್ಕುಗಟ್ಟಿ, ಅಂಟಿ, ಎಳೆದರೆ ಹಪ್ಪಳದ ಹಾಗೆ ಪುಡಿಯಾಯಿತು. ಅಕ್ಕ ಅವನ ಕೈ ತಡೆದು ತಾನೇ ಪ್ರಯತ್ನಿಸಿದಳು. ಬೆರಳಿಗೆ ಸಿಕ್ಕಿದ್ದು ಹುಳಿ ನಾರುವ ಕಂದು ಪುಡಿ. ಗಂಡನ ಮುಖ ಒರೆಸುವ ಆ ಎರಡು ನಿಮಿಷ ಅದರಲ್ಲಿತ್ತು.

"ಎಷ್ಟು ದಿನದ ಹಿಂದೆ ತಂದಿದ್ರೆ ಆಗ್ತಿತ್ತು?" ಎಂದು ಕೇಳಿದಳು.

ಅವನು ಮೇಜಿನ ಮೇಲೆ ಬಿದ್ದ ಪುಡಿಯನ್ನು ಒಂದು ಕಾಗದಕ್ಕೆ ಬಳಿದುಕೊಳ್ಳತೊಡಗಿದ. ಅವಳು ಬಿಡಲಿಲ್ಲ, ಮತ್ತೆ ಕೇಳಿದಳು.

"ಒಂದು ತಿಂಗಳು ಇರ್ಬಹುದಮ್ಮ."

ಡಿಸ್ಕ್ ಬಂದಿದೆ. ಚಿತ್ರ ಎರಡು ಗಂಟೆಗೂ ಹೆಚ್ಚು ಹೊತ್ತು ಹೇಗಿರಬೇಕೋ ಹಾಗಿದೆ, ಧೂಳಿನ ಕಣ ಒಂದೊಂದೂ ಎಣಿಸಬಹುದು. ಕೊನೆಯ ರೀಲು ಶುರುವಾಗುವಲ್ಲಿ ಮಾತ್ರ ಎರಡು ನಿಮಿಷ, ಬೇರೆ ದಾರಿಯಿಲ್ಲದೆ, ಟಿವಿಯ ಟೇಪು: ಮಸುಕು, ಅಲುಗಾಟ, ಬಟ್ಟೆ ಸರಿದ ಮೇಲೆ ಅವನ ಮುಖವಿದ್ದಲ್ಲಿ ಒಂದು ಬೂದು ಮುದ್ದೆ. ಅಚ್ಚಾಗುವ ಮೊದಲು ಅಕ್ಕ ಸಾಹೇಬನಿಗೆ ಹೇಳಿದ್ದಳು: "ಪೆಟ್ಟಿಗೆ ಮೇಲೆ ಬರೀರಿ. ಈ ಭಾಗ ಕೆಟ್ಟಿದ್ದು ರೀಲು ಇಟ್ಕೊಂಡೋಳು ತಡ ಮಾಡಿದ್ದಕ್ಕೆ ಅಂತ."

"ಹಾಗೆಲ್ಲ ಯಾರೂ ಬರೆಯಲ್ಲಮ್ಮ" ಎಂದ ಸಾಹೇಬ. "ಕಾಲದ ಹೊಡೆತಕ್ಕೆ ಸಿಕ್ಕಿದ ದೃಶ್ಯ" ಎಂದು ಅಚ್ಚು ಹಾಕಿಸಿದ.

ಕಾಲವಂತೆ! ಏಳು ವಾರ ಫೋನು ಎತ್ತದೆ ಕೂತದ್ದು ಕಾಲವೇ? ಕೊಡಬೇಡ ಕೊಡಬೇಡ ಎಂದು ಅಕ್ಕನ ಕಿವಿಯಲ್ಲಿ ಕೂಗಿದ್ದು ಕಾಲವೇ? ಕೂಗಿದವನು ನಾನು, ಎತ್ತದವನು ಅವನು, ಇಟ್ಟುಕೊಂಡವಳು ಅವಳು. ಪೆಟ್ಟಿಗೆಯ ಮೇಲೆ ಹಾಗೆಲ್ಲ ಯಾರೂ ಬರೆಯುವುದಿಲ್ಲ ಎಂದರು. ಇಲ್ಲಿ ಬರೆದಿದ್ದೇನೆ.