ತಂತಿಮಾಮ ಎಳೆದ ತಂತಿ

ಈ ಊರಲ್ಲಿ ತಾನು ಎಳೆದ ತಂತಿಗಳನ್ನೆಲ್ಲ ಗಂಟು ಹಾಕಿದರೆ ಚಂದ್ರನಿಗೆ ಎರಡು ಸುತ್ತು ಬಿಗಿದು ಮಿಕ್ಕಿದ್ದರಲ್ಲಿ ಬಟ್ಟೆ ಒಣಹಾಕಬಹುದು, ಒಂದೊಂದು ತಂತಿಯೂ ತನಗೆ ಬಾಯಿಪಾಠ ಎಂಬುದು ತಂತಿಮಾಮನ ಮಾತು. ಚಂದ್ರನವರೆಗೆ ಹೋಗಿ ಯಾರೂ ಅಳೆದಿರಲಿಲ್ಲವಾದ್ದರಿಂದ ಮಾತು ಚಲಾವಣೆಯಲ್ಲಿತ್ತು.

ಅಚ್ಚುಕೂಟದ ಯಜಮಾನ ಅವನನ್ನು ಕರೆಸಿದ್ದು ಮೂರು ಕಂಪ್ಯೂಟರುಗಳಿಗೂ ಒಂದೇ ಟೆಲಿಫೋನಿನಿಂದ ಇಂಟರ್ನೆಟ್ ಕೊಡಿಸಲು. ಔಷಧಿ ಡಬ್ಬಿಯ ಚಿತ್ರವೊಂದು ಮಧ್ಯಾಹ್ನ ಎರಡು ಗಂಟೆಯೊಳಗೆ ದೂರದ ಗಿರಾಕಿಗೆ ತಲುಪದಿದ್ದರೆ ವರ್ಷದ ಕೆಲಸವೆಲ್ಲ ಎದುರು ಬೀದಿಯವರ ಪಾಲು. ತಲುಪಿಸದಿದ್ದರೆ ಇನ್ನು ಇಕ್ಕಳ ಮುಟ್ಟುವುದಿಲ್ಲವೆಂದು ಮಾಮ ಶಪಥವನ್ನೂ ಮಾಡಿಬಿಟ್ಟ.

ಮೋಡೆಮ್ಮು ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನಂತೆ ಕಿರುಚಿ, ಸೀನಿ, ಸುಮ್ಮನಾಯಿತು. ಚಿತ್ರ ಹೊಟ್ಟೆ ತುಂಬಿದ ಬಸವನಹುಳುವಿನಂತೆ ಹೊರಟಿತು. ಪೂರ್ತಿ ಹೋಗಲು ನಲವತ್ತು ನಿಮಿಷ. ಹತ್ತನೇ ನಿಮಿಷಕ್ಕೇ ಸಂಪರ್ಕ ಕಡಿಯಿತು. ಮತ್ತೆ ಹೊಂದಿಸಿದ, ಮತ್ತೆ ಕಡಿಯಿತು. ಮೋಡೆಮ್ಮು ಬದಲಿಸಿದ, ತಂತಿ ಬದಲಿಸಿದ, ಕೂತ ಕುರ್ಚಿಯನ್ನೂ ಬದಲಿಸಿದ. ಗಂಟೆ ಒಂದು ದಾಟಿತು.

ಕೊನೆಗೆ ಗೋಡೆಗುಂಟ ಬೆರಳಾಡಿಸುತ್ತ ನಡೆದ. ಸುಣ್ಣದಡಿ ಹೂತ ತಂತಿಯೊಂದು ಕಾಗದದ ಕೋಣೆ ದಾಟಿ ಹಿಂದಿನ ಮನೆಗೆ ಹೋಗಿತ್ತು. ಮೊಳೆಗೂ ಮೊಳೆಗೂ ಸರಿಯಾಗಿ ಒಂದು ಗೇಣು: ಅವನದೇ ಕೈ. ಹನ್ನೆರಡು ವರ್ಷದ ಹಿಂದೆ ಎಳೆದು, ಮರೆತಿದ್ದ. ಅದರ ತುದಿಗಿದ್ದ, ಅದೇ ಲೈನಿನ ಇನ್ನೊಂದು ಫೋನಿನ ಪಕ್ಕ ಯಜಮಾನನ ತಾಯಿ ಕೂತಿದ್ದರು. ಲೈನು ಬದುಕಿದೆಯೇ ಎಂದು ಅವರು ಆಗಾಗ ರಿಸೀವರ್ ಎತ್ತಿದಾಗಲೆಲ್ಲ ಮುಂದಿನ ಅಚ್ಚುಕೂಟದಲ್ಲಿ ಇಂಟರ್ನೆಟ್ ಸಾಯುತ್ತಿತ್ತು.

"ಮಗಳಿಗೆ ದಿನ ತುಂಬಿದೆ ಕಣಪ್ಪ. ಫೋನ್ ಬರ್ಬೇಕು. ಎತ್ತಿದ್ರೆ ಬರೀ ಕಿರುಚಾಟ."

ಇಕ್ಕಳದ ಒಂದು ಕಚ್ಚು ಸಾಕಿತ್ತು. ಮಾಮ ಇಕ್ಕಳವನ್ನು ನೋಡಿದ, ಅವರ ಮುಖ ನೋಡಿದ, ಇಕ್ಕಳವನ್ನು ಜೇಬಿಗಿಳಿಸಿದ. ಮುಂದೆ ಹೋಗಿ ಮೋಡೆಮ್ಮನ್ನು ತಾನೇ ನಿಲ್ಲಿಸಿ ಬಂದು, ಮೊದಲು ಮಗಳಿಗೆ ನೀವೇ ಫೋನ್ ಮಾಡಿ ಎಂದ. ಯಜಮಾನ ಗಡಿಯಾರ ನೋಡಿ ಬಿಳುಚಿಕೊಂಡ. ಮಗಳು ಇನ್ನೂ ಏನಿಲ್ಲಮ್ಮ, ಸಂಜೆ ಮಾಡ್ತೀನಿ ಎಂದಳಂತೆ. ಆಮೇಲೆ ಮಾಮ ಸಂಪರ್ಕ ಹೊಂದಿಸಿ ಬಂದು ನಲವತ್ತು ನಿಮಿಷ ಆ ತಾಯಿಯ ಪಕ್ಕವೇ ಕೂತು, ಅವರ ನಾಲ್ಕು ಹೆರಿಗೆಗಳ ಕಥೆ ಕೇಳಿದ. ರಿಸೀವರ್ ಅಲುಗಲಿಲ್ಲ.

ಎರಡಕ್ಕೆ ಮೂರು ನಿಮಿಷವಿದ್ದಾಗ ಚಿತ್ರ ತಲುಪಿತು. ಜೀವ ಬಂದ ಯಜಮಾನನಿಗೆ ನಾಲಗೆಯೂ ಬಂತು.

"ಎಲ್ಲಾ ತಂತೀನೂ ಬಾಯಿಪಾಠ ಅಂತಿದ್ರಿ, ಮಾಮ?"

"ನಾನು ಮರೆತಿದ್ದು ತಂತಿ ಕಣಯ್ಯ. ಅದರ ತುದೀಲಿ ಕಾಯ್ತಾ ಕೂತಿದ್ದೋರನ್ನ ಮರೆತೋನು ನೀನು."