ಜೆಸಿಂತಾ ಬಿಟ್ಟುಕೊಟ್ಟ ಜಾಗ

"ಸಾರ್, ನಂದ್ರಲ್ಲಿ ಪ್ರೋಗ್ರಾಮೇ ತೆರ್ಕೊಳ್ತಿಲ್ಲ!"

ಪ್ರಾಕ್ಟಿಕಲ್ ಪರೀಕ್ಷೆಯ ನಡುವೆ ಪೂರ್ಣಿಮಾ ಅಳುಮೋರೆ ಮಾಡಿಕೊಂಡು ಕೂಗಿದಳು. ಎರಡು ಸಾವಿರದ ಇಸವಿಯ ಆಸುಪಾಸು. ನಾನಾಗ ಮೂಡಿಗೆರೆ ಕಡೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಎಲ್ಲರ ಪ್ರೋಗ್ರಾಮೂ ಓಡುತ್ತಿದ್ದ ಮುಖ್ಯ ಕಂಪ್ಯೂಟರ್, ಅಂದರೆ ಸರ್ವರ್, ನೋಡಿದರೆ ಮೆಮೊರಿ ಧಾರಾಳವಾಗಿತ್ತು, ಡಿಸ್ಕೂ ತುಂಬಿರಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕಿದ್ದೇ ಬೇರೆ. ಅದನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯಲ್ಲಿ ಒಬ್ಬರ ಹೆಸರಿನಲ್ಲಿ ಇಂತಿಷ್ಟೇ ಪ್ರೋಗ್ರಾಮ್ ಓಡಬೇಕೆಂದು ಮಿತಿ ಹಾಕಿಟ್ಟಿದ್ದರು. ನಮ್ಮಲ್ಲೋ ಇಡೀ ತರಗತಿ 'ಸ್ಟೂಡೆಂಟ್' ಎಂಬ ಒಂದೇ ಹೆಸರಿನಲ್ಲಿ ಕುಳಿತಿತ್ತು, ಅದೂ ಅಂದೇ ಮೊದಲ ಸಲ ಎಲ್ಲರೂ ಒಟ್ಟಿಗೆ; ಎಲ್ಲರದೂ ಸೇರಿ ಮಿತಿ ಮುಟ್ಟಿಬಿಟ್ಟಿತ್ತು. ಮಿತಿ ಏರಿಸುವ ಪಾಸ್‌ವರ್ಡ್ ಇದ್ದದ್ದು ಅದನ್ನು ಅಳವಡಿಸಿಕೊಟ್ಟಿದ್ದ ಚಿಕ್ಕಮಗಳೂರಿನ ಇಂಜಿನಿಯರ್ ಬಳಿ. ಫೋನ್ ಹಚ್ಚಿದರೆ ಲೈನ್ ಸಿಗಲೊಲ್ಲದು. ಅಲ್ಲಿಯವರೆಗೆ ಯಾರಾದರೂ ಒಬ್ಬರು ಮುಚ್ಚಿದರಷ್ಟೇ ಇನ್ನೊಬ್ಬರದು ತೆರೆಯುತ್ತದೆ ಎಂದು ಪೂರ್ಣಿಮಾಗೆ ಹೇಳಿದೆ.

ಪಕ್ಕದಲ್ಲಿ ಕುಳಿತಿದ್ದ ಬಾಳೂರಿನ ಜೆಸಿಂತಾ, "ಸಾಕು ಮಾರಾಯ್ತಿ ಅತ್ತಿದ್ದು! ನಂದು ಮುಚ್ತೀನಿ, ನೀನು ತೆಗಿ. ಯಾರದ್ದಾದ್ರೂ ಮುಗಿದ್ಮೇಲೆ ನಾನು ತೆಗೀತೀನಿ" ಎಂದವಳೇ ತನ್ನ ಅರ್ಧ ಬರೆದದ್ದನ್ನು ಸೇವ್ ಮಾಡಿ ಮುಚ್ಚಿಬಿಟ್ಟಳು. ಪೂರ್ಣಿಮಾಳದ್ದು ತೆರೆದುಕೊಂಡಿತು. ಆದರೆ ಬೇರೆ ಯಾರೂ ಬೇಗ ಮುಗಿಸಲಿಲ್ಲ. ಇಂಜಿನಿಯರ್ ಸಿಕ್ಕಿ, ನಾನು ಮಿತಿ ಏರಿಸಿ, ಜೆಸಿಂತಾ ಮತ್ತೆ ಕೀಲಿಮಣೆಗೆ ಕೈ ಇಡುವಷ್ಟರಲ್ಲಿ ಹೊತ್ತು ಮೀರಿತ್ತು. ಇನ್ನಷ್ಟು ಸಮಯ ಕೊಡಿ ಎಂದು ಹೊರಗಿನಿಂದ ಬಂದಿದ್ದ ಪರೀಕ್ಷಕರನ್ನು ಬೇಡಿಕೊಂಡೆ, ಅವರು ಒಪ್ಪಲಿಲ್ಲ. ಅವಳು ಆ ಪರೀಕ್ಷೆಯಲ್ಲಿ ಫೇಲಾದಳು.

ಮುಂದಿನ ವರ್ಷ ಪ್ರತಿಯೊಬ್ಬ ವಿದ್ಯಾರ್ಥಿಗೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಹೆಸರು ಕೊಟ್ಟೆವು. ಜೆಸಿಂತಾ ಬಂದು, ತನಗಿಂತ ಕಿರಿಯರ ನಡುವೆ ಕುಳಿತು ಪರೀಕ್ಷೆ ಮುಗಿಸಿದಳು. ಹೋಗುವಾಗ ನನ್ನತ್ತ ನೋಡಿ ನಕ್ಕಳು. ತಿರುಗಿ ನಗಲು ನನ್ನಿಂದಾಗಲಿಲ್ಲ.